ಹಡಗಿಗೆ ಒಯ್ಯುವ ಸೀಸೆಯೂ ಬೂಚಿನ ತಿರುಪೂ

ಸಮುದ್ರವನ್ನು ದಾಟಿದವರಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವೊಂದು ನಮ್ಮ ದೇಶದಲ್ಲಿ ಇದ್ದಿತು. ಅದು ಈಗ ಹಳೆಯ ಮಾತು. ಅಮೆರಿಕೆಯಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ತಾಯಿತಂದೆಗಳಿಗೆ ಮೊದಲನೆಯ ಸಲ ನಯಾಗರಾ ಜಲಪಾತವನ್ನು ತೋರಿಸುವರು. ಎರಡನೆಯ ಸಲ ಬಂದಾಗ ಮಯಾಮಿಯಿಂದಲೋ ಫೋರ್ಟ್ ಲಾಡರ್‌ಡೇಲಿನಿಂದಲೋ ಹೊರಡುವ ವಿಹಾರದ ಹಡಗನ್ನು ಹತ್ತಿಸುವರು. ಏಳು ದಿನ ಕೆರಿಬಿಯನ್ ದ್ವೀಪಗಳ ನಡುವೆ ತೇಲಾಡಿ ಹೊರಟ ರೇವಿಗೇ ಹಿಂದಿರುಗುವ ಈ ಪ್ರಯಾಣಕ್ಕೆ ‘ಕ್ರೂಸ್’ ಎಂದು ಹೆಸರು. ಅಲ್ಲಿ ಊಟಕ್ಕೆ ಕೊರತೆಯಿಲ್ಲ. ಎಷ್ಟು ಸಲ ಬೇಕಾದರೂ ಉಣ್ಣಬಹುದು, ಬೇರೆ ಹಣ ಕೊಡಬೇಕಾಗಿಲ್ಲ. ಕುಡಿಯುವ ಪದಾರ್ಥಗಳ ಲೆಕ್ಕ ಮಾತ್ರ ಬೇರೆ. ನೀರು, ಚಹಾ, ಸಾಧಾರಣವಾದ ಕಾಫಿ ಇವು ಟಿಕೇಟಿಗೆ ಸೇರಿರುತ್ತವೆ. ಮಿಕ್ಕ ಬಹುಪಾಲಿಗೆ ಗ್ಲಾಸಿಗಿಷ್ಟೆಂದು ದರವುಂಟು.

ನಮ್ಮ ವಾಚಕರಲ್ಲಿ ಬಹುಮಂದಿ ಮದ್ಯವನ್ನು ಮುಟ್ಟದವರೆಂಬುದನ್ನು ನಾವು ಬಲ್ಲೆವು. ಆದರೂ ಈ ತಿಂಗಳು ಇದನ್ನೇ ಎತ್ತಿಕೊಂಡುದಕ್ಕೆ ಕಾರಣವೇನೆಂದರೆ, ಈ ಹಡಗುಗಳಲ್ಲಿ ಕುಡಿಯುವವನ ಹಣದ ಜೊತೆಗೆ ಕುಡಿಯದವಳ ಹಣವೂ ಹೋಗುವುದುಂಟು. ಹೇಗೆಂದರೆ, ದಿನವೊಂದಕ್ಕೆ ಇಂತಿಷ್ಟು ಕೊಟ್ಟುಬಿಟ್ಟರೆ ಮದ್ಯವನ್ನು ಬೇಕಾದಂತೆ ಪಡೆಯಬಹುದೆಂಬ ಒಂದು ಏರ್ಪಾಡನ್ನು ಕಂಪೆನಿಗಳು ಮಾಡಿವೆ. ದರವು ತಲೆಗೆ, ದಿನಕ್ಕೆ, 60 ಡಾಲರಿನಿಂದ 100 ಡಾಲರಿನವರೆಗೂ ಹೋಗುವುದು. ಅದರ ಮೇಲೆ ನೂರಕ್ಕೆ 18ರಿಂದ 20ರಷ್ಟು ಸೇವೆಯ ಹಣ. ‘ಬೇಕಾದಂತೆ’ ಎಂಬುದಕ್ಕೂ ಮೇರೆಯುಂಟು. ಕಾರ್ನಿವಲ್ ಕಂಪೆನಿಯವರು 24 ಗಂಟೆಗಳಿಗೆ 15 ಗ್ಲಾಸು ಎಂದು ನಿಲ್ಲಿಸಿದ್ದಾರೆ. (ಹದಿನೈದು ಸಾಲದೆಂಬವನಿಗೆ ಹಡಗಿಗಿಂತ ವೈದ್ಯನೇ ಹೆಚ್ಚು ಅವಶ್ಯಕ.) ಈ ಏರ್ಪಾಡಿನ ನಿಜವಾದ ಕೊಂಡಿ ಎಲ್ಲಿದೆಯೆಂದರೆ, ಒಂದು ಕೋಣೆಯಲ್ಲಿರುವ ಪ್ರೌಢರಲ್ಲಿ ಒಬ್ಬರು ಇದನ್ನು ಕೊಂಡರೆ ಮಿಕ್ಕವರೂ ಕೊಳ್ಳಬೇಕೆಂದು ದೊಡ್ಡ ಕಂಪೆನಿಗಳಲ್ಲಿ ಹಲವು ಕಟ್ಟುಮಾಡುತ್ತವೆ. ಒಬ್ಬನು ಕೊಂಡು ಇಬ್ಬರು ಕುಡಿದಾರೆಂಬುದು ಅವರ ಸಂಶಯ. ಗಂಡನು ಸಂಜೆ ಒಂದು ಗ್ಲಾಸು ವೈನನ್ನು ಬಯಸಿದನೆಂದು ನೀರು ಮಜ್ಜಿಗೆಗಳ ಹೊರತು ಬೇರೇನನ್ನೂ ಅರಿಯದ ಹೆಂಡತಿಯೂ ಹಣ ತೆರಬೇಕು. ದಿನಕ್ಕೆ 70 ಡಾಲರೆಂದು ಹಿಡಿದರೂ ಏಳು ದಿನಕ್ಕೆ ಇಬ್ಬರಿಗೆ 980 ಡಾಲರಾಯಿತು; ಅದರಲ್ಲಿ 490 ಡಾಲರು ಸಮುದ್ರಕ್ಕೆ ಸುರಿದಂತೆಯೇ. ಕಂಪೆನಿಗೆ ಮುಂಚಿತವಾಗಿ ಫೋನು ಮಾಡಿ, ಈಕೆಯು ಮುಟ್ಟುವವಳಲ್ಲವೆಂದು ತಿಳಿಸಿದರೆ ಕೆಲವೆಡೆ ರಿಯಾಯಿತಿ ದೊರೆಯುವುದುಂಟು. ಕೇಳದವರಿಗೆ ಯಾರೂ ಹೇಳರು.

ಆದುದರಿಂದಲೇ ಸಂಸಾರಸ್ಥರು ಒಂದೆರಡು ಸೀಸೆಗಳನ್ನು ತಾವೇ ಒಯ್ಯುವ ದಾರಿಯನ್ನು ಹಿಡಿದಿದ್ದಾರೆ. ಇದು ಕಳ್ಳದಾರಿಯಲ್ಲ. ಕಾರ್ನಿವಲ್, ರಾಯಲ್ ಕೆರಿಬಿಯನ್ ಮೊದಲಾದ ಕಂಪೆನಿಗಳವರು 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ 750 ಮಿಲಿಲೀಟರಿನ ಒಂದು ವೈನಿನ ಸೀಸೆಯನ್ನು ಹಡಗು ಹತ್ತುವ ದಿನ ತರಲು ಅನುಮತಿ ಕೊಟ್ಟಿದ್ದಾರೆ. ಡಿಸ್ನಿ ಹಡಗುಗಳಲ್ಲಿ ಎರಡು ಸೀಸೆಗಳಿಗೆ ಅವಕಾಶ. ನಡುವಿನ ರೇವುಗಳಲ್ಲಿಯೂ ಅಷ್ಟನ್ನೇ ಮತ್ತೆ ತರಬಹುದು. ನಾರ್ವೀಜಿಯನ್ ಕಂಪೆನಿಯವರು ಎಣಿಕೆಯನ್ನು ಕಟ್ಟುಮಾಡದೆ ಸೀಸೆಗಿಷ್ಟೆಂದು ಸುಂಕವನ್ನು ಹತ್ತುವಾಗಲೇ ವಸೂಲು ಮಾಡುವರು. ಯೂರೋಪಿನ ನದಿಗಳಲ್ಲಿ ಓಡಾಡುವ ವೈಕಿಂಗ್ ಕಂಪೆನಿಯವರಂತೂ, ದಡದ ಊರುಗಳಲ್ಲಿ ಕೊಂಡುದನ್ನು ತಂದು ಊಟದ ಮೇಜಿನ ಮೇಲೆಯೇ ಇಟ್ಟರೂ ಸುಂಕ ಕೇಳುವುದಿಲ್ಲ. ಇಷ್ಟು ಔದಾರ್ಯವು ಉಳಿದವರಲ್ಲಿ ಕಾಣಬರುವುದು ಕಡಮೆ. ಈ ನಿಯಮಗಳು ಆಗಾಗ ಬದಲಾಗತಕ್ಕವು. ಹೊರಡುವ ವಾರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಬೇಕು. ಸೀಸೆಯು ಒಡೆಯದ ಮುದ್ರೆಯದಾಗಿರಬೇಕು, ಮತ್ತು ಕೈಚೀಲದಲ್ಲಿಯೇ ಇರಬೇಕು. ಹಮಾಲಿಗೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡಕೂಡದು. ವಿಸ್ಕಿ, ರಮ್ಮು ಮೊದಲಾದ ಬಟ್ಟಿಯ ಮದ್ಯಕ್ಕೆ ಸಾಮಾನ್ಯವಾಗಿ ಪ್ರವೇಶವೇ ಇಲ್ಲ. ನಡುವಣ ದ್ವೀಪಗಳಲ್ಲಿ ಕೊಂಡುದನ್ನು ಹಡಗಿನವರು ತೆಗೆದಿಟ್ಟುಕೊಂಡು ಕೊನೆಯ ದಿನ ಹಿಂದಿರುಗಿಸುವರು. ಬಾಯಿ ಮುಕ್ಕಳಿಸುವ ಔಷಧದ ಸೀಸೆಯಲ್ಲಿ ಹಸುರು ಬಣ್ಣ ಕಲಸಿ ಮದ್ಯವನ್ನು ಸಾಗಿಸುವ ಜಾಣರೂ ಇದ್ದಾರೆ. ಈ ಜಾಣತನವು ಕಾವಲಿನವರಿಗೆ ಎಂದೋ ತಿಳಿದುಹೋಗಿದೆ.

ಇಲ್ಲಿ ನಾವು ಒಂದು ಸೂಕ್ಷ್ಮವಾದ ವಿಷಯವನ್ನು ಹೇಳಬೇಕಾಗಿದೆ. ತಲೆಗೊಂದು ಸೀಸೆಯೆಂದಮೇಲೆ, ತಂದೆ ತಾಯಿ ಮಗ ಸೊಸೆ ನಾಲ್ವರಿಗೆ ನಾಲ್ಕಾಯಿತು. ಕುಡಿಯುವವರು ಮಗ ಸೊಸೆ ಇಬ್ಬರೇ. ಆಗ ಮಗನಿಗೆ ಹೊಳೆಯುವ ಉಪಾಯವನ್ನು ನಾವು ಹೇಳಬೇಕಾದುದಿಲ್ಲ. ಹಿರಿಯರ ಪಾಲಿನ ಎರಡು ಸೀಸೆಗಳು ಅವರ ಕೈಚೀಲದಲ್ಲಿ, ಪಂಚಪಾತ್ರೆ ಉದ್ಧರಣೆಗಳ ಪಕ್ಕದಲ್ಲಿ, ಟವಲಿನಲ್ಲಿ ಸುತ್ತಿಕೊಂಡು ಕುಳಿತುಬಿಡುತ್ತವೆ. ಎಷ್ಟೋ ವೇಳೆ ಅವರಿಗೆ ಇದನ್ನು ತಿಳಿಸಿರುವುದೂ ಇಲ್ಲ. ‘ಅಮ್ಮನಿಗೆ ಏಕೆ ಹೇಳಬೇಕು, ಸುಮ್ಮನೆ ಬೇಸರ’ ಎಂಬ ಭಾವನೆ. ಚೀಲವು ಎಕ್ಸ್‌ರೇ ಯಂತ್ರದ ಹೊಟ್ಟೆಯೊಳಗೆ ಹೋದಾಗ ಸೀಸೆಯ ಆಕಾರ ತೆರೆಯ ಮೇಲೆ ಮೂಡುತ್ತದೆ. ಕಾವಲಿನವನು ಚೀಲವನ್ನು ಎತ್ತಿ, ಇದು ಯಾರದೆಂದು ನೂರು ಜನರೆದುರಿಗೆ ಕೇಳುತ್ತಾನೆ. ಎಪ್ಪತ್ತು ವರ್ಷ ಮಡಿಯಿಂದ ಬಾಳಿದ ಆ ತಾಯಿಯು ಭಾಷೆಯೂ ಸರಿಯಾಗಿ ತಿಳಿಯದ ಎಡೆಯಲ್ಲಿ ಮುಂದೆ ಬಂದು, ತನ್ನದೆಂದು ಒಪ್ಪಿಕೊಳ್ಳಬೇಕು. ನಿಯಮವು ಮುರಿದುದಿಲ್ಲ, ಸೀಸೆಯನ್ನು ಹಿಂದಕ್ಕೆ ಕೊಡುವರು ಎಂಬುದೆಲ್ಲ ನಿಜ. ಆಕೆಯ ಮುಖದಲ್ಲಿ ಆ ಗಳಿಗೆಯಲ್ಲಿ ಕಾಣುವ ನಾಚಿಕೆಗೆ ಈ ಸಮಾಧಾನ ಸಾಲದು. ಹತ್ತಿಪ್ಪತ್ತು ಡಾಲರಿನ ಉಳಿತಾಯಕ್ಕಾಗಿ ಮಾಡತಕ್ಕ ಕೆಲಸವಲ್ಲ ಇದು. ಮೊದಲೇ ಕೇಳಿ, ಅವರು ಸಂತೋಷದಿಂದ ಒಪ್ಪಿದರೆ ಅಡ್ಡಿಯಿಲ್ಲ. ನಗುತ್ತ ಒಪ್ಪುವ ತಾಯಂದಿರೂ ಉಂಟು. ಒಲ್ಲೆನೆಂದರೆ ಅಲ್ಲಿಗೆ ಬಿಡಬೇಕು. ಅವರ ಪಾಲಿಗೆ ಬೇರೆ ಸಾಮಾನು ಒಯ್ಯುವುದಕ್ಕೂ ಅವಕಾಶವುಂಟು: ಕಾರ್ನಿವಲ್ ಹಡಗುಗಳಲ್ಲಿ ತಲೆಗೆ 12 ಡಬ್ಬಿಗಳಷ್ಟು ಮದ್ಯವಲ್ಲದ ಪಾನೀಯಗಳನ್ನು ತರಬಹುದು.

ಇನ್ನು ‘ಕಾರ್ಕೇಜ್’ ಎಂಬುದು. ಇದನ್ನು ಬೂಚು ತೆಗೆಯುವ ಕೂಲಿಯೆಂದು ಕನ್ನಡಿಸಬಹುದು. ನಮ್ಮ ಸೀಸೆಯನ್ನು ಅವರ ಊಟದ ಮನೆಗೆ ಒಯ್ದರೆ, ಅವರ ಗ್ಲಾಸು, ಅವರ ಮೇಜು, ಅವರ ಪರಿಚಾರಕ ಎಂಬ ಕಾರಣದಿಂದ 15 ಡಾಲರಿನಿಂದ ಮೇಲಕ್ಕೆ ಹಣ ಹಾಕುವರು. ತಿರುಪು ನಮ್ಮದೇ, ತಿರುಗಿಸಿದ ಕೈಯೂ ನಮ್ಮದೇ ಎಂದು ವಾದಿಸಿದರೆ ನಡೆಯದು. ಹೆಚ್ಚಿನ ಹಡಗುಗಳಲ್ಲಿ ಕೋಣೆಯಲ್ಲಿಯೇ ಕುಳಿತು ಕುಡಿದರೆ ಈ ಕೂಲಿಯಿಲ್ಲ. ಹಡಗಿನವರ ಈ ಬಿಗಿಯನ್ನು ಕೇವಲ ಲೋಭವೆಂದು ಹಳಿಯುವುದು ಸುಲಭ. ಕಾರ್ನಿವಲ್ ಸಂಸ್ಥೆಯ 2023ರ ಲೆಕ್ಕದಲ್ಲಿ ಒಟ್ಟು ವರಮಾನವು ಸುಮಾರು 2,160 ಕೋಟಿ ಡಾಲರು. ಅದರಲ್ಲಿ ಮೂರನೆಯ ಒಂದು ಪಾಲಿಗೂ ತುಸು ಹೆಚ್ಚು ಟಿಕೇಟಿನಿಂದಲ್ಲದೆ ಹಡಗಿನೊಳಗಿನ ವೆಚ್ಚ ಮೊದಲಾದವುಗಳಿಂದ ಬಂದುದು. ಎಂದರೆ ಮದ್ಯದ ಅಂಗಡಿ, ಜೂಜಿನ ಮನೆ ಇವುಗಳ ಬಲದಿಂದಲೇ ಟಿಕೇಟು ಅಗ್ಗವಾಗಿದೆ. ಪಕ್ಕದ ಮೇಜಿನವನು ಕುಡಿಯುತ್ತಿರುವುದರಿಂದ ನಮ್ಮ ತಾಯಿತಂದೆಗಳು ಕಡಮೆ ಬೆಲೆಗೆ ಸಮುದ್ರವನ್ನು ನೋಡುತ್ತಿದ್ದಾರೆಂಬುದು ಯೋಚಿಸತಕ್ಕ ವಿಚಿತ್ರವೇ.

ಹಡಗಿಗೂ ಮದ್ಯಕ್ಕೂ ಇರುವ ನಂಟು ಹಳೆಯದು. ಪೋರ್ತುಗೀಸರ ಹಡಗುಗಳು ಮದೀರಾ ದ್ವೀಪದ ವೈನನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಬಿಸಿಲಿನ ಸಮುದ್ರಗಳನ್ನು ದಾಟಿ ನಮ್ಮ ಹಿಂದೂಸ್ಥಾನದ ಕಡೆಗೂ ಬರುತ್ತಿದ್ದುವು. ಮಾರಾಟವಾಗದೆ ಹಿಂದಿರುಗಿದ ವೈನು ಕೆಡುವುದಿರಲಿ, ತಿಂಗಳುಗಟ್ಟಲೆ ಸೆಕೆಯಲ್ಲಿ ಕುದಿದು ಮೊದಲಿಗಿಂತ ರುಚಿಯಾಗಿದ್ದುದನ್ನು ಕಂಡು, ಹಾಗೆ ಸುತ್ತಿ ಬಂದ ವೈನಿಗೆ ಹೆಚ್ಚಿನ ಬೆಲೆ ಕಟ್ಟಿದರು. ಈಗ ಅದೇ ಸೆಕೆಯನ್ನು ದ್ವೀಪದಲ್ಲಿಯೇ ಕೊಡುತ್ತಾರೆ. ಮುಂದೆ 1920ರಲ್ಲಿ ಅಮೆರಿಕೆಯಲ್ಲಿ ಪಾನನಿರೋಧವು ಬಂದಿತು. ವಿದೇಶಿ ಹಡಗುಗಳು ಅಮೆರಿಕೆಯ ಕಡಲಿನ ಎಲ್ಲೆಯೊಳಕ್ಕೆ ಮುದ್ರೆ ಹಾಕಿದ ಮದ್ಯವನ್ನು ಸಹ ತರಕೂಡದೆಂದು 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಎಲ್ಲೆಯಾಚೆಗೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಯಾವ ಊರಿಗೂ ಹೋಗದೆ, ಎಲ್ಲೆಯಾಚೆ ಸುತ್ತಿ ಕುಡಿದು ಹಿಂದಿರುಗುವುದಕ್ಕೆಂದೇ ಹಡಗುಗಳು ಹೊರಟುವು. ಇಂದಿನ ವಿಹಾರಯಾನದ ಮೂಲಗಳಲ್ಲಿ ಅದೂ ಒಂದು.

ಇನ್ನು ಉಪಕರಣದ ವಿಷಯ. ಸೀಸೆಯ ಬೂಚನ್ನು ಕೀಳುವ ಉಕ್ಕಿನ ತಿರುಪನ್ನು ಹದಿನೇಳನೆಯ ಶತಮಾನದ ಇಂಗ್ಲಿಷರು ‘ಹುಳು’ ಎಂದು ಕರೆಯುತ್ತಿದ್ದರು. ಬಂದೂಕದ ನಳಿಗೆಯಲ್ಲಿ ಸಿಕ್ಕಿಕೊಂಡ ಮದ್ದನ್ನು ಹೊರಗೆಳೆಯುವ ತಿರುಪಿನಿಂದ ಇದು ಹುಟ್ಟಿತೆಂದು ತಿಳಿದವರ ಅಭಿಪ್ರಾಯ. 1795ರಲ್ಲಿ ಇದರ ಮೊದಲನೆಯ ಪೇಟೆಂಟನ್ನು ಪಡೆದವನು ಸ್ಯಾಮ್ಯುಯೆಲ್ ಹೆನ್‌ಷಲ್ ಎಂಬ ಇಂಗ್ಲಿಷ್ ಪಾದ್ರಿ! ತಿರುಪಿನ ಮೇಲುಗಡೆ ಆತನು ಒಂದು ಬಿಲ್ಲೆಯನ್ನು ಜೋಡಿಸಿದನು. ಬಿಲ್ಲೆಯು ಬೂಚಿಗೆ ತಾಗಿದೊಡನೆ ತಿರುಪು ಕೆಳಕ್ಕಿಳಿಯುವುದು ನಿಂತು ಬೂಚೇ ತಿರುಗತೊಡಗುವುದು. ಗಾಜಿಗೆ ಹಿಡಿದಿದ್ದ ಅಂಟು ಬಿಡುವುದು. ಈಗ ಹೋಟೆಲಿನ ಪರಿಚಾರಕರ ಜೇಬಿನಲ್ಲಿರುವ, ಮಡಿಸಬಹುದಾದ, ಸನ್ನೆಕೋಲಿನ ತಿರುಪು ಜರ್ಮನಿಯ ಕಾರ್ಲ್ ವೀಂಕೆಯದು, 1882ರದು. ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾವು ಕಂಡಿಲ್ಲ. ಕೊಳ್ಳುವಾಗ ತಿರುಪು ಬುಗುರಿಯ ಮೊಳೆಯಂತೆ ಗಟ್ಟಿಯಾಗಿರದೆ, ತಂತಿಯ ಸುರುಳಿಯಂತೆ ನಡುವೆ ಟೊಳ್ಳಾಗಿರುವುದನ್ನು ಆರಿಸಬೇಕು. ಮೊದಲನೆಯದು ಬೂಚನ್ನು ಕೊರೆದು ಪುಡಿಮಾಡುವುದು. ಇದರಲ್ಲಿ ಪುಟ್ಟ ಚಾಕು ಇದ್ದರೆ ವಿಮಾನದ ಕೈಚೀಲದಲ್ಲಿ ಬಿಡರು, ಪೆಟ್ಟಿಗೆಗೆ ಹಾಕಬೇಕು. ವೈನಿನ ಸೀಸೆಯೂ ಹಾಗೆಯೇ: ವಿಮಾನದಲ್ಲಿ ಪೆಟ್ಟಿಗೆಗೆ, ರೇವಿನಲ್ಲಿ ಕೈಚೀಲಕ್ಕೆ. ಇದನ್ನು ತಿರುಗುಮುರುಗು ಮಾಡಿಕೊಂಡವರ ಸೀಸೆಗಳು ದಾರಿಯಲ್ಲಿಯೇ ಉಳಿಯುತ್ತವೆ.

ಬೂಚೆಂದರೆ ತೊಗಟೆ. ಪೋರ್ತುಗಾಲಿನ ಒಂದು ಜಾತಿಯ ಓಕ್ ಮರದಿಂದ ಪ್ರಪಂಚದ ಬೂಚಿನಲ್ಲಿ ಸುಮಾರು ಅರ್ಧದಷ್ಟು ಬರುತ್ತದೆ. ಮರಕ್ಕೆ 25 ವರ್ಷವಾಗುವತನಕ ಕೊಡಲಿಯನ್ನು ತಾಕಿಸುವುದಿಲ್ಲ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ ತೊಗಟೆಯನ್ನು ಸುಲಿಯುವರು. ಮೊದಲೆರಡು ಸುಲಿತಗಳು ಸೀಸೆಗೆ ಒದಗುವುದಿಲ್ಲ; ಮೂರನೆಯದು, ಎಂದರೆ ಮರಕ್ಕೆ ನಲವತ್ತಮೂರು ತುಂಬಿದ ಮೇಲಿನದು, ಒದಗುತ್ತದೆ. ಸುಲಿದ ವರ್ಷದ ಕೊನೆಯ ಅಂಕೆಯನ್ನು ಮರದ ಮೈಮೇಲೆ ಬಣ್ಣದಲ್ಲಿ ಬರೆದಿಡುವರು. ತಾತನು ನೆಟ್ಟುದರ ಫಲವು ಮೊಮ್ಮಗನಿಗೆ, ನಮ್ಮ ಮಲೆನಾಡಿನ ಹಲಸು ಮಾವುಗಳಂತೆ. ಇಂಥದನ್ನು ಅವಸರದಿಂದ ಚೂರುಮಾಡಬಾರದು. ಸೀಸೆಯ ತುಟಿಯ ಕೆಳಗೆ ತಗಡಿನ ಹೊದಿಕೆಯನ್ನು ಬಿಡಿಸಿ, ಬಾಯನ್ನು ಬಟ್ಟೆಯಿಂದ ಒರೆಸಿ, ತಿರುಪಿನ ಮೊನೆಯನ್ನು ನಟ್ಟನಡುವೆ ಊರಿ, ಒಂದು ಸುತ್ತು ಹೊರಗುಳಿಯುವವರೆಗೆ ತಿರುಗಿಸಿ, ಸನ್ನೆಯನ್ನು ತುಟಿಗೆ ಆನಿಸಿ ಮೆಲ್ಲಗೆ ಎತ್ತಬೇಕು. ಮುರಿದರೆ ಗಾಬರಿ ಬೇಡ. ಉಳಿದುದನ್ನು ಒಳಕ್ಕೆ ನೂಕಿ ಚಹಾ ಸೋಸುವ ಜಾಲರಿಯಲ್ಲಿ ಸೋಸಿದರಾಯಿತು. ತಿರುಪನ್ನು ಮರೆತವರು ಸೀಸೆಯನ್ನು ಬೂಟಿನಲ್ಲಿಟ್ಟು ಗೋಡೆಗೆ ಬಡಿಯುವರೆಂದು ಕೇಳಿದ್ದೇವೆ. ಹಡಗಿನ ಗೋಡೆ ತೆಳ್ಳನೆಯ ತಗಡು. ಪಕ್ಕದ ಕೋಣೆಯಲ್ಲಿ ಮಲಗಿರುವವರು ಮನುಷ್ಯರು. ಕೋಣೆಯ ಪರಿಚಾರಕನನ್ನು ಕೇಳಿದರೆ ಸಾಮಾನ್ಯವಾಗಿ ಅವನೇ ತೆಗೆದುಕೊಡುವನು. ಉಕ್ಕುವ ಷಾಂಪೇನಿಗೆ ತಿರುಪೇ ಬೇಡ. ಅದರೊಳಗಿನ ಒತ್ತಡವು ಹೊರಗಿನ ಗಾಳಿಯ ಆರರಷ್ಟಿರುವುದರಿಂದ ಮುಖಕ್ಕೆ ದೂರವಾಗಿ ಹಿಡಿದು, ಬೂಚನ್ನು ಭದ್ರವಾಗಿ ಅದುಮಿಕೊಂಡು ಸೀಸೆಯನ್ನೇ ತಿರುಗಿಸಬೇಕು. ಈಚೆಗೆ ಎಷ್ಟೋ ಸೀಸೆಗಳಿಗೆ ಔಷಧದ ಸೀಸೆಯಂತೆ ತಿರುಗಿಸುವ ಮುಚ್ಚಳವೇ ಬರುತ್ತದೆ. ಹಡಗಿಗೆ ಅದೇ ಲೇಸು.

ಆರೋಗ್ಯದ ಮಾತನ್ನು ಬಿಡುವಂತಿಲ್ಲ. ಮದ್ಯದಲ್ಲಿ ನಿರಪಾಯವಾದ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2023ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಸಮುದ್ರದ ಹೊಯ್ದಾಟಕ್ಕೆಂದು ನುಂಗುವ ಮಾತ್ರೆಗಳು ಮೊದಲೇ ತೂಕಡಿಕೆ ತರತಕ್ಕವು. ಅವುಗಳ ಮೇಲೆ ವೈನು ಬಿದ್ದರೆ ಕಾಲು ನಿಲ್ಲುವುದಿಲ್ಲ. ನಿದ್ರೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರಂತೂ ಮುಟ್ಟಲೇಬಾರದು. ಅಮೆರಿಕೆಯಲ್ಲಿ 2010ರ ಕಾನೂನಿನಂತೆ ಹಡಗಿನ ಕಟಾಂಜನವು 42 ಅಂಗುಲಕ್ಕೆ ಕಡಮೆಯಿರಬಾರದು. ಕುಡಿದು ಅದರ ಮೇಲೆ ಹತ್ತಿ ಕುಳಿತವನಿಗೆ 42 ಅಂಗುಲ ಏನೂ ಅಲ್ಲ.

ತೆರೆಯದೆ ಉಳಿದ ಸೀಸೆಯನ್ನು ಹಿಂದಕ್ಕೆ ತರಬಹುದು. ಅಮೆರಿಕೆಯ ರೇವಿನಲ್ಲಿ ಇಳಿಯುವಾಗ 21 ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಒಂದು ಲೀಟರಿನವರೆಗೆ ಸುಂಕವಿಲ್ಲ. ನಮ್ಮ ದೇಶಕ್ಕೆ ತರುವವರಿಗೆ ಎರಡು ಲೀಟರು. ಕಡೆಯದಾಗಿ, ಇದನ್ನೆಲ್ಲ ಓದಿದ ತಾಯಂದಿರು ಕೇಳುವ ಪ್ರಶ್ನೆಗೆ ಉತ್ತರ: ಮನೆಯಲ್ಲಿ ಮಾಡಿದ ಕೋಡುಬಳೆಯನ್ನೂ ಉಪ್ಪಿನಕಾಯಿಯ ಭರಣಿಯನ್ನೂ ಬಹುತೇಕ ಹಡಗುಗಳಲ್ಲಿ ಒಳಕ್ಕೆ ಬಿಡುವುದಿಲ್ಲ, ಅಂಗಡಿಯ ಮುದ್ರೆಯಿರುವ ಪೊಟ್ಟಣಗಳನ್ನು ಬಿಡುವರು. ಮುಂಚಿತವಾಗಿ ಬರೆದು ತಿಳಿಸಿದರೆ ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಅಡಿಗೆಯನ್ನು ಮಾಡಿಕೊಡುವ ಹಡಗುಗಳೂ ಉಂಟು. ಮೊದಲ ರಾತ್ರಿಯೇ ಊಟದ ಮನೆಯ ಮೇಲ್ವಿಚಾರಕನನ್ನು ಕಂಡು ಜ್ಞಾಪಿಸಬೇಕು.