ಚೀಲದ ತೂಕ, ಚಿಕ್ಕಿಯ ಬೆಳಕು

ಕಳೆದ ಅಮಾವಾಸ್ಯೆಯ ರಾತ್ರಿ ಅಕ್ಕಲಕೋಟೆ ತಾಲೂಕಿನ ನಮ್ಮ ಶಾಲೆಯ ಅಂಗಳದಲ್ಲಿ ಮಕ್ಕಳಿಗೆ ನಕ್ಷತ್ರಗಳನ್ನು ತೋರಿಸುತ್ತಿದ್ದೆ. ವಾಯವ್ಯ ದಿಕ್ಕಿನ ಬಾನಂಚು ಮಸುಕಾಗಿ ಬೆಳಗುತ್ತಿತ್ತು; ಅದು ಸೊಲ್ಲಾಪುರದ ದೀಪಗಳ ಪ್ರಭೆ. ನನ್ನ ಬಾಲ್ಯದಲ್ಲಿ ಆ ಮೂಲೆಯಲ್ಲಿಯೂ ಸಣ್ಣ ಚುಕ್ಕೆಗಳು ಕಾಣುತ್ತಿದ್ದವು. ಏಳನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದಳು: “ಗುರುಗಳೇ, ದೊಡ್ಡ ದುರ್ಬೀನಿನವರು ಈ ಬೆಳಕನ್ನ ಬ್ಯಾರೆ ಮಾಡಿ ಬರೇ ಚಿಕ್ಕಿ ಬೆಳಕು ಹ್ಯಾಂಗ ಅಳೀತಾರ್ರಿ?”

ಉತ್ತರವು ಅವಳ ಮನೆಯಲ್ಲಿಯೇ ಉಂಟು. ಜೋಳವನ್ನು ಪೇಟೆಗೆ ಒಯ್ದಾಗ ಚೀಲಸಹಿತ ತೂಗಿ, ಚೀಲದ ತೂಕವನ್ನು ಕಳೆಯುತ್ತಾರಷ್ಟೆ. ತುಂಬಿದ ಚೀಲವನ್ನು ಬರಿದು ಮಾಡುವಂತಿಲ್ಲ. ಆದುದರಿಂದ ಅಂಥದೇ ಖಾಲಿ ಚೀಲವನ್ನು ತೂಗಿ ಲೆಕ್ಕ ಹಿಡಿಯುತ್ತಾರೆ.

ಖಗೋಳ ವಿಜ್ಞಾನಿಗಳ ಕ್ರಮವೂ ಇದೇ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು ಲಡಾಖದ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿದೆ. ಅದನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಅಲ್ಲಿಯ ರೋಹಿತಮಾಪಕವೊಂದಕ್ಕೆ ನಕ್ಷತ್ರದ ಬೆಳಕು ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯೊಳಗಿಂದ ಹರಿದುಬರುತ್ತದೆ. ಎಳೆಯ ಬಾಯಿಗೆ ನಕ್ಷತ್ರದೊಡನೆ ಸುತ್ತಲಿನ ಆಕಾಶದ ಬೆಳಕೂ ಬೀಳುತ್ತದೆ. ಒಳಹೊಕ್ಕ ಮೇಲೆ ಎರಡೂ ಬೆರೆತುಹೋಗುತ್ತವೆ. ಆದಕಾರಣ ಪಕ್ಕದ ಬರಿಯ ಆಕಾಶಕ್ಕೆ ಇನ್ನೊಂದು ಎಳೆಯನ್ನು ಒಡ್ಡುತ್ತಾರೆ. ಅದೇ ಖಾಲಿ ಚೀಲ.

ಹೀಗೆ ಕಳೆಯದಿದ್ದರೆ ಮೋಸವಾಗುತ್ತದೆ. ನಗರಗಳಿಲ್ಲದೆಡೆಯಲ್ಲಿಯೂ ಆಕಾಶವು ಪೂರ್ಣ ಕಪ್ಪಲ್ಲ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು 557.7 ನ್ಯಾನೋಮೀಟರಿನ ಹಸಿರು ಬೆಳಕನ್ನು ಸೂಸುತ್ತಿರುತ್ತವೆ. ಬೆಳದಿಂಗಳೆಂದರೆ ಸೂರ್ಯನ ಬೆಳಕೇ. ಅದು ಸೂರ್ಯನ ರೋಹಿತದ ಕಪ್ಪುಗೆರೆಗಳನ್ನೂ ಹೊತ್ತು ತರುತ್ತದೆ. ಇವುಗಳನ್ನು ಗುರುತಿಸದವನು, ನಕ್ಷತ್ರದಲ್ಲಿಲ್ಲದುದನ್ನು ನಕ್ಷತ್ರಕ್ಕೆ ಆರೋಪಿಸಿಯಾನು.

ಇನ್ನೊಂದು ತೊಡಕುಂಟು. ಎರಡು ಚೀಲಗಳು ಸಮತೂಕವಿರುವುದಿಲ್ಲ. ಎರಡು ಎಳೆಗಳೂ ಬೆಳಕನ್ನು ಸಮನಾಗಿ ಸಾಗಿಸುವುದಿಲ್ಲ. ಅದಕ್ಕಾಗಿ ಎರಡಕ್ಕೂ ದೀಪದ ಅಥವಾ ಮುಸ್ಸಂಜೆಯ ಆಕಾಶದ ಒಂದೇ ಬೆಳಕನ್ನು ಕೊಟ್ಟು, ಒಂದೊಂದು ಬಣ್ಣದಲ್ಲಿಯೂ ಅವುಗಳ ಪ್ರಮಾಣವನ್ನು ಕಂಡುಕೊಂಡು, ಆ ಪ್ರಮಾಣದಿಂದ ಗುಣಿಸಿದ ಬಳಿಕವೇ ಕಳೆಯುತ್ತಾರೆ.

ಇಷ್ಟಾದರೂ ಎಲ್ಲವೂ ಕಳೆದುಹೋಗುವುದಿಲ್ಲ. ನಕ್ಷತ್ರದಿಂದ 100, ಆಕಾಶದಿಂದ 900 ಬೆಳಕಿನ ಕಣಗಳು ಬಂದವೆನ್ನೋಣ. ಕಣಗಳು ಮಳೆಹನಿಗಳಂತೆ ಹೆಚ್ಚುಕಡಿಮೆಯಾಗಿ ಬೀಳುತ್ತವೆ. 1000ದಿಂದ 900ನ್ನು ಕಳೆದರೆ 100 ಉಳಿಯುವುದು ನಿಜ. ಆದರೆ ಎರಡೂ ಎಣಿಕೆಗಳ ಏರುಪೇರು ಕೂಡಿ ಆ 100ರಲ್ಲಿ ಸುಮಾರು 44ರ ಅನಿಶ್ಚಯ ನಿಲ್ಲುತ್ತದೆ. ಆಕಾಶವು ಕತ್ತಲಾಗಿದ್ದರೆ ಅದು ಬರಿಯ 10. ಗೋಣಿಚೀಲದಲ್ಲಿ ಹಿಡಿಕಾಳು ಜೋಳವಿಟ್ಟು ತೂಗಿದರೆ ತಕ್ಕಡಿಯ ತುಯ್ದಾಟವೇ ಕಾಳನ್ನು ನುಂಗಿಬಿಡುತ್ತದೆ. ಬೆಳಕನ್ನು ಕಳೆಯಬಹುದು, ಅದರ ತುಯ್ದಾಟವನ್ನು ಕಳೆಯಲಾಗದು.

ಆದುದರಿಂದಲೇ ಗಣಿತಕ್ಕಿಂತ ಕತ್ತಲೆಯ ರಕ್ಷಣೆ ಮೇಲು. 2022ರಲ್ಲಿ ಹಾನ್ಲೆಯ ಪ್ರದೇಶವನ್ನು ಕತ್ತಲಾಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ಅಲ್ಲಿಯ ಹಳ್ಳಿಗರು ದೀಪಗಳಿಗೆ ಮರೆಮಾಡಿ ಸಹಕರಿಸುತ್ತಿದ್ದಾರೆ.

ಬಾಲಕಿಗೆ ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವಳು ನಮ್ಮ ಶಾಲೆಯ ದೀಪದತ್ತ ಬೆರಳು ತೋರಿಸಿದಳು. ಅದು ಅರ್ಧದಷ್ಟು ಬೆಳಕನ್ನು ಆಕಾಶಕ್ಕೇ ಚೆಲ್ಲುತ್ತಿತ್ತು. ನಾನು ನಾಚಿದೆ. ಮರುದಿನ ಅದಕ್ಕೆ ತಗಡಿನ ಮರೆ ಮಾಡಿಸಿದೆ. ಅಂಗಳದಲ್ಲಿ ಬೆಳಕು ಕಡಿಮೆಯಾಗಲಿಲ್ಲ. ವಾಚಕ ಬಂಧುಗಳೂ ತಮ್ಮ ಮನೆಯ ದೀಪ ಯಾವ ಕಡೆಗೆ ಮುಖಮಾಡಿದೆಯೆಂದು ಈ ರಾತ್ರಿ ಒಮ್ಮೆ ನೋಡಬೇಕೆಂದು ವಿನಂತಿ.