ದುಬಾಯ್ ಪಾದ್ರಿಯ ಗ್ರಂಥಕ್ಕೆ ಪ್ರಾಮಾಣ್ಯವುಂಟೆ?

ಮೈಸೂರು ಸೀಮೆಯ ಪೂರ್ವಕಾಲದ ಆಚಾರವ್ಯವಹಾರಗಳನ್ನು ಕುರಿತು ವಾದವೆದ್ದಾಗಲೆಲ್ಲ ವಿದ್ಯಾವಂತರು ಒಂದು ಹೊತ್ತಗೆಯನ್ನು ಸಾಕ್ಷಿಗೆ ತರುವುದು ರೂಢಿಯಾಗಿದೆ. ಅದು ಫ್ರಾನ್ಸ್ ದೇಶದ ಕ್ಯಾಥೊಲಿಕ್ ಪಾದ್ರಿಯಾದ ಅಬ್ಬೆ ದುಬಾಯ್ ಎಂಬಾತನ ಹೆಸರಿನಲ್ಲಿ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಹಿಂದೂ ಜನರ ನಡೆ, ಆಚಾರ, ಕರ್ಮವಿಧಿಗಳ ಗ್ರಂಥ. ಮೂವತ್ತು ವರ್ಷ ಈ ದೇಶದಲ್ಲಿ ಅಲೆದವನು ಕಣ್ಣಾರೆ ಕಂಡು ಬರೆದುದಾದ್ದರಿಂದ ಅದು ನಂಬತಕ್ಕದ್ದೆಂಬುದು ಅವರ ಮತ. ಪೂರ್ವಿಕರನ್ನು ಹಳಿಯುವವರೂ ಇದನ್ನೇ ಉದಾಹರಿಸುತ್ತಾರೆ. ಹೊಗಳುವವರೂ ಇದನ್ನೇ ಉದಾಹರಿಸುತ್ತಾರೆ. ಇಬ್ಬರೂ ಆತುಕೊಂಡಿರುವ ಕಂಬವು ಹುಳುಕಾದುದೆಂಬುದನ್ನು ಇಬ್ಬರೂ ನೋಡಿದಂತಿಲ್ಲ.

ಮೊದಲು ಆ ಪುರುಷನಿಗೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಬೇಕು. ಆತನು 1792ರಲ್ಲಿ ಭರತಖಂಡಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮೈಸೂರು ಸೀಮೆಯನ್ನು ಹೊಕ್ಕು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಕೂಡಿಸುತ್ತ ಊರೂರು ಸುತ್ತಿದನು. ದೇಶದ ಉಡುಪನ್ನೇ ಉಟ್ಟು, ರುಮಾಲು ಸುತ್ತಿ, ಗಡ್ಡ ಬಿಟ್ಟು, ಜನರಂತೆಯೇ ಉಂಡು ಬಾಳಿದನು. ಜನರು ಆತನನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಸಿಡುಬಿಗೆ ದಾಕು ಹಾಕುವ ವಿದ್ಯೆಯು ಈ ನಾಡಿಗೆ ಹೊಸದಾಗಿದ್ದ 1803-04ರಲ್ಲಿ ಆತನೂ ಆತನ ಸಹಾಯಕರೂ 25,000ಕ್ಕೆ ಮೇಲ್ಪಟ್ಟ ಜನರಿಗೆ ದಾಕು ಹಾಕಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದನು. 1823ರಲ್ಲಿ ಸ್ವದೇಶಕ್ಕೆ ಮರಳಿದಾಗ, ಹಿಂದೂಗಳನ್ನು ಮತಾಂತರಗೊಳಿಸುವ ಯತ್ನವು ಫಲಿಸಲಾರದೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ನಿಸ್ಸಂಕೋಚವಾಗಿ ಬರೆದನು. ಇವು ಸಾಮಾನ್ಯನು ಮಾಡತಕ್ಕ ಕಾರ್ಯಗಳಲ್ಲ.

ಆದರೆ ಕರ್ತೃವಿನ ಸದ್ಗುಣವು ಗ್ರಂಥಕ್ಕೆ ಪ್ರಾಮಾಣ್ಯವನ್ನು ತರಲಾರದು. ಹಸ್ತಪ್ರತಿಯನ್ನು ಪಾದ್ರಿಯು 1806ರಲ್ಲಿ ಮೈಸೂರಿನಲ್ಲಿದ್ದ ಮಾರ್ಕ್ ವಿಲ್ಕ್ಸ್ ಎಂಬ ಅಧಿಕಾರಿಗೆ ಒಪ್ಪಿಸಿದನು; ಮರುವರ್ಷ ಮದರಾಸು ಸರ್ಕಾರವು 2,000 ವರಹಗಳಿಗೆ ಅದನ್ನು ಕಂಪನಿಗಾಗಿ ಕೊಂಡಿತು. ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಅದು ಆತನದೆಂದೇ ಲೋಕವು ನಂಬಿತು. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿಯು ಲಂಡನ್ನಿನಲ್ಲಿದ್ದ ಬೇರೊಂದು ಹಸ್ತಪ್ರತಿಯನ್ನು ಪರಿಶೋಧಿಸಿ 1987ರಲ್ಲಿ ಪ್ರಕಟಿಸಿದ ಮೇಲೆ ನಿಜವು ಹೊರಬಿತ್ತು: ದುಬಾಯ್‌ನ ಗ್ರಂಥದ ಬಹುಭಾಗಕ್ಕೆ ಮೂಲವು ಕೂರ್ದೂ ಎಂಬ ಜೆಸುಯಿಟ್ ಪಾದ್ರಿಯ ಬರೆಹ. ಈ ಕೂರ್ದೂ 1732ರಲ್ಲಿ ಬಂದು, ತೆಲುಗು ತಮಿಳು ಸೀಮೆಗಳಲ್ಲಿ ಬಾಳಿ, 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡವನು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ಬಾಂಧವ್ಯವನ್ನು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಸಾರುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಫ್ರಾನ್ಸಿನ ಪಂಡಿತಸಭೆಗೆ ಬರೆದು ತಿಳಿಸಿದ ಮೇಧಾವಿ. ಆತನಿಗೆ ಆ ಕೀರ್ತಿಯೂ ದೊರೆಯಲಿಲ್ಲ, ಈ ಕೀರ್ತಿಯೂ ದೊರೆಯಲಿಲ್ಲ.

ಈಗ ನೈಯಾಯಿಕರ ರೀತಿಯಲ್ಲಿ ವಿಚಾರಿಸಿ ನೋಡಬಹುದು. ಗ್ರಂಥವು ಪ್ರತ್ಯಕ್ಷಮೂಲವೆಂದು ಹೇಳುವಂತಿಲ್ಲ. ಕಂಡವನು ಬೇರೆ, ಹೇಳಿದವನು ಬೇರೆ. ಆಪ್ತವಾಕ್ಯವೆಂದೂ ಹೇಳುವಂತಿಲ್ಲ, ತಾನು ಯಾರಿಂದ ಪಡೆದೆನೆಂಬುದನ್ನು ಮರೆಸಿದವನು ಆ ಅಂಶದಲ್ಲಿ ಆಪ್ತನಾಗನು. ಅದಕ್ಕಿಂತ ಮಿಗಿಲಾದುದು ದೇಶಕಾಲಗಳ ವ್ಯತ್ಯಾಸ. ಪೂರ್ವ ಕರಾವಳಿಯ ಕಡೆಯಲ್ಲಿ, ದುಬಾಯ್ ಬರುವುದಕ್ಕೆ ಒಂದು ತಲೆಮಾರು ಮೊದಲು ಕಂಡದ್ದನ್ನು, 1800ರ ನೆಲಮಂಗಲದ ಮದುವೆ, ಹೊಸಕೋಟೆಯ ಜಾತ್ರೆ, ದೇವನಹಳ್ಳಿಯ ಪಂಚಾಯಿತಿಗಳ ವರ್ಣನೆಯೆಂದು ಓದಿದರೆ ಅದು ಅಂಧಪರಂಪರಾನ್ಯಾಯವಲ್ಲದೆ ಮತ್ತೇನು? ಒಂದು ಮನೆಯ ಜಾತಕವನ್ನು ಇನ್ನೊಂದು ಮನೆಯವರಿಗೆ ಓದಿದಂತಾಯಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಹಿಂದಿನವರ ಬರೆಹವನ್ನು ತನ್ನದರೊಳಗೆ ಸೇರಿಸಿಕೊಳ್ಳುವುದು ಆ ಕಾಲದ ವಾಡಿಕೆ. ಇಲ್ಲಿನ ವ್ಯಾಖ್ಯಾನಕಾರರೂ ಹಾಗೆಯೇ ಮಾಡಿದ್ದಾರೆ ಎಂಬುದು. ವ್ಯಾಖ್ಯಾನಕಾರನು ಪರಮತವನ್ನು ಎತ್ತಿಕೊಂಡಾಗ ‘ಇತಿ ಕೇಚಿತ್’ ಎಂದಾದರೂ ಹೇಳುತ್ತಾನೆ. ದುಬಾಯ್ ಕೂರ್ದೂವಿನ ಹೆಸರನ್ನೆತ್ತದೆ, ಸ್ವಂತ ಪರಿಶೀಲನೆಯೇ ಮುಖ್ಯಾಧಾರವೆಂದು ಹೇಳಿಕೊಂಡನು. ಆ ದೋಷವನ್ನು ಕಾಲಧರ್ಮವೆಂದು ಕ್ಷಮಿಸಿದರೂ, ಸಾಕ್ಷಿಯು ಎಲ್ಲಿಯದು, ಯಾವಾಗಿನದು ಎಂಬ ಪ್ರಶ್ನೆಯು ಕ್ಷಮೆಯಿಂದ ಪರಿಹಾರವಾಗುವುದಿಲ್ಲ.

ಇದನ್ನು ಕೇಳಿ, ಪಾದ್ರಿಗಳ ಬರೆಹವೆಲ್ಲ ವಂಚನೆಯೆಂದು ಕೈಕೊಡಹುವವರೂ ಹೊರಡಬಹುದು. ಅದೂ ಅವಿಚಾರವೇ, ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಚಿನ್ನಾಮಿ ಎಂಬ ಇಟಲಿಯ ಪಾದ್ರಿಯು ಕನ್ನಡವನ್ನು ಕಲಿತು, ಅದರ ವ್ಯಾಕರಣವನ್ನು ರಚಿಸಿದನು. ಮತಪ್ರಚಾರವು ಆತನ ಉದ್ದೇಶವಾಗಿದ್ದಿತು, ನಿಜ. ಭಾಷಾಶ್ರಮವು ಅದರಿಂದ ಸುಳ್ಳಾಗುವುದಿಲ್ಲ. ಪ್ರತಿಯೊಬ್ಬನ ಬರೆಹವನ್ನೂ ಬೇರೆಬೇರೆಯಾಗಿ ಒರೆಗೆ ಹಚ್ಚಬೇಕು.

ಪರರ ಸಾಕ್ಷ್ಯಕ್ಕಾಗಿ ಲಂಡನ್ನಿಗೆ ಹೋಗುವ ವಿದ್ಯಾವಂತರು ಮನೆಯಂಗಳದ ಸಾಕ್ಷ್ಯವನ್ನು ಮರೆತಿರುವುದೇ ವಿಷಾದಕರ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಿಲಾಶಾಸನಗಳನ್ನು ರೈಸ್ ಮಹಾಶಯರು 1905ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ದಾನಪತ್ರ, ಕಡತ, ತಾಳೆಯೋಲೆಗಳು ಹಳೆಯ ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಅವುಗಳನ್ನು ಇಳಿಸಿ, ಧೂಳು ಕೊಡವಿ, ಯಾವ ಊರಿನದು, ಯಾವ ವರ್ಷದ್ದು ಎಂದು ಗುರುತುಹಾಕಿ ನಕಲು ಮಾಡಿಸುವ ಕಾರ್ಯವು ಆಯಾ ಮನೆಯವರದೇ. ದಾಕು ಹಾಕಿದ ದೊಡ್ಡ ಸ್ವಾಮಿಯವರಿಗೆ ನಮಸ್ಕಾರವು ಸಲ್ಲಲಿ; ಅವರ ಹೆಸರಿನ ಗ್ರಂಥವನ್ನು ಈ ಸೀಮೆಯ ಸಾಕ್ಷಿಯೆಂದು ಕೂಗುವುದು ನಿಲ್ಲಲಿ. ವಿಜ್ಞರು ಇದನ್ನು ವಿಚಾರಿಸತಕ್ಕದ್ದು.