ಹಳೆಯ ಯಂತ್ರಕ್ಕೆ ಹೊಸ ಬಾಳು

ವಸ್ತುವೊಂದು ಹಳತಾದ ಮಾತ್ರಕ್ಕೆ ನಿರುಪಯುಕ್ತವಾಗುವುದಿಲ್ಲವೆಂಬುದು ಕನ್ನಡ ನಾಡಿನ ಗೃಹಸ್ಥರಿಗೆ ಹೊಸ ಪಾಠವೇನೂ ಅಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆಗಳು ಕೌದಿಯಾಗಿ ಮತ್ತೆ ಹಲವು ವರ್ಷ ಚಳಿಯನ್ನು ತಡೆಯುತ್ತವೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದರೆ ಅದು ಮರಳಿ ಅಡುಗೆಗೆ ಯೋಗ್ಯವಾಗುತ್ತದೆ. ಮೊಂಡಾದ ಕುಡುಗೋಲು ಕಮ್ಮಾರನ ಕುಲುಮೆಯನ್ನು ಹೊಕ್ಕು ಹರಿತವಾಗಿ ಹೊರಬರುತ್ತದೆ. ಮೇಲಿನ ತರಗತಿಯವನ ಪುಸ್ತಕ ಕೆಳಗಿನ ತರಗತಿಯವನ ಕೈಸೇರಿದರೆ ಅದರೊಳಗಿನ ವಿದ್ಯೆ ಕಿಂಚಿತ್ತೂ ಕುಂದುವುದಿಲ್ಲ. ಆದರೆ ಗಣಕಯಂತ್ರ ಮತ್ತು ಮೊಬೈಲ್ ಫೋನುಗಳ ಮಾತು ಬಂದಾಗ ಮಾತ್ರ ಈ ವಿವೇಕ ಮರೆಯಾಗುತ್ತದೆ. ಹೊಸ ಮಾದರಿಯೊಂದು ಮಾರುಕಟ್ಟೆಗೆ ಬಂದೊಡನೆ, ಎರಡು ಮೂರು ವರ್ಷಗಳಷ್ಟೇ ದುಡಿದ ಯಂತ್ರ ಮುದಿಯೆನಿಸಿಬಿಡುತ್ತದೆ. ಈ ಮರೆವಿಗೆ ಮದ್ದಿಲ್ಲದಿಲ್ಲ. ತಯಾರಕರೇ ಪರೀಕ್ಷಿಸಿ, ಸರಿಪಡಿಸಿ, ಪ್ರಮಾಣಪತ್ರವಿತ್ತು ಮಾರುವ ಯಂತ್ರಗಳನ್ನು ಕೊಳ್ಳುವುದೇ ಆ ಮದ್ದು.

ಇಂತಹ ಯಂತ್ರಗಳನ್ನು ವ್ಯಾಪಾರದ ಮಾತಿನಲ್ಲಿ ‘ರಿಫರ್ಬಿಶ್ಡ್’ ಎನ್ನುತ್ತಾರೆ. ಅಂದರೆ ನವೀಕರಿಸಿದ ಯಂತ್ರಗಳು. ಇವನ್ನು ಸೆಕೆಂಡ್ ಹ್ಯಾಂಡ್ ಸರಕಿನೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಒಬ್ಬ ಬಳಸಿದ ಫೋನನ್ನು ಇನ್ನೊಬ್ಬ ಹಾಗೆಯೇ ಕೊಂಡರೆ ಅದರ ಗುಣದೋಷಗಳಿಗೆ ಹೊಣೆಯಾಗುವವರು ಯಾರೂ ಇಲ್ಲ. ನವೀಕರಿಸಿದ ಯಂತ್ರದ ಸ್ಥಿತಿ ಹಾಗಲ್ಲ. ಕೊಂಡ ಕೆಲವೇ ದಿನಗಳಲ್ಲಿ ಗಿರಾಕಿ ಹಿಂದಿರುಗಿಸಿದ್ದು, ಹೊಸತನ್ನು ಕೊಳ್ಳುವಾಗ ಬದಲಿಗೆ ಕೊಟ್ಟದ್ದು, ಕಚೇರಿಗಳು ಬಾಡಿಗೆಯ ಅವಧಿ ಮುಗಿಸಿ ಮರಳಿಸಿದ್ದು—ಇಂತಹ ಯಂತ್ರಗಳು ತಯಾರಕರ ಕೈಸೇರುತ್ತವೆ. ಹಿಂದಿನವರ ಮಾಹಿತಿಯನ್ನು ಅಲ್ಲಿ ಪೂರ್ಣವಾಗಿ ಅಳಿಸುತ್ತಾರೆ. ಪರದೆ, ಕೀಲಿಮಣೆ, ಕ್ಯಾಮೆರಾ, ಬ್ಯಾಟರಿ ಮೊದಲಾದವನ್ನು ಒಂದೊಂದಾಗಿ ಪರೀಕ್ಷಿಸುತ್ತಾರೆ. ಕೆಟ್ಟ ಭಾಗಗಳನ್ನು ತೆಗೆದು ಅಸಲಿ ಬಿಡಿಭಾಗಗಳನ್ನು ಜೋಡಿಸುತ್ತಾರೆ. ಉದಾಹರಣೆಗೆ, ಆಪಲ್ ಸಂಸ್ಥೆ ತಾನು ನವೀಕರಿಸಿದ ಫೋನುಗಳಿಗೆ ಹೊಸ ಬ್ಯಾಟರಿಯನ್ನೂ ಹೊಸ ಹೊರಕವಚವನ್ನೂ ಅಳವಡಿಸಿ, ಹೊಸ ಫೋನಿಗೆ ಕೊಡುವಂತೆಯೇ ಒಂದು ವರ್ಷದ ವಾರಂಟಿಯನ್ನು ಕೊಡುತ್ತದೆ. ಕೊಳ್ಳುವವನು ಇಲ್ಲಿ ಬೆಲೆ ತೆರುವುದು ಯಂತ್ರಕ್ಕೆ ಮಾತ್ರವಲ್ಲ, ಅದರ ಹಿಂದೆ ನಿಂತ ಭರವಸೆಗೂ ಹೌದು.

ಒಂದು ಹೊಸ ಫೋನು ಎಲ್ಲಿಂದ ಬರುತ್ತದೆ? ಅಂಗಡಿಯಿಂದ ಎಂಬ ಉತ್ತರ ಸುಲಭ. ಆದರೆ ಅದು ನಿಜವಾಗಿ ಬರುವುದು ಭೂಮಿಯ ಒಡಲಿನಿಂದ. ಅಂಗೈಯಗಲದ ಆ ಯಂತ್ರದಲ್ಲಿ ಚಿನ್ನ, ತಾಮ್ರ, ತವರ, ಕೋಬಾಲ್ಟ್, ಲಿಥಿಯಂ ಮುಂತಾದ ಹತ್ತಾರು ಧಾತುಗಳಿವೆ. ಅವನ್ನು ಅಗೆದು ತೆಗೆಯುವ ಶ್ರಮ ಎಂತಹುದೆಂಬುದನ್ನು ಕೋಲಾರದ ಚಿನ್ನದ ಗಣಿಗಳ ಕಥೆಯೇ ಹೇಳುತ್ತದೆ. ಅಲ್ಲಿ ಕಾರ್ಮಿಕರು ಮೂರು ಕಿಲೋಮೀಟರಿಗಿಂತಲೂ ಹೆಚ್ಚು ಆಳಕ್ಕೆ ಇಳಿದು ಅದಿರನ್ನು ತೆಗೆಯುತ್ತಿದ್ದರು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ಖರ್ಚು ಏರುತ್ತ ಬಂದು 2001ರಲ್ಲಿ ಆ ಗಣಿಗಳು ಮುಚ್ಚಿದವು. ಒಂದು ಟನ್ ಚಿನ್ನದ ಅದಿರಿನಲ್ಲಿ ಇರುವುದಕ್ಕಿಂತ ಹಲವು ಪಟ್ಟು ಹೆಚ್ಚು ಚಿನ್ನ ಒಂದು ಟನ್ ಹಳೆಯ ಫೋನುಗಳಲ್ಲಿರುತ್ತದೆಯೆಂದರೆ, ಮೂಲೆಗೆ ಬಿದ್ದ ಯಂತ್ರಗಳನ್ನು ಕಸವೆಂದು ಕರೆಯಲು ಯಾರಿಗೆ ಮನಸ್ಸು ಬಂದೀತು? ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಆಫ್ರಿಕದ ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿನ ಸಣ್ಣ ಗಣಿಗುಂಡಿಗಳಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಮಕ್ಕಳೂ ದುಡಿದಿದ್ದಾರೆಂಬುದು ಲೋಕಕ್ಕೆ ತಿಳಿದ ಕಟುಸತ್ಯ.

ಇದಲ್ಲದೆ, ಫೋನು ವಾತಾವರಣಕ್ಕೆ ಮಾಡುವ ಕೇಡಿನ ಹೆಚ್ಚಿನ ಭಾಗ ಅದನ್ನು ಬಳಸುವಾಗ ಆಗುವುದಲ್ಲ, ತಯಾರಿಸುವಾಗ ಆಗುವುದು. ತಯಾರಕರೇ ಪ್ರಕಟಿಸಿರುವ ಲೆಕ್ಕಗಳ ಪ್ರಕಾರ, ಒಂದು ಫೋನಿನ ಆಯುಷ್ಯದಲ್ಲಿ ಹೊರಬೀಳುವ ಇಂಗಾಲದ ಸುಮಾರು ಐದರಲ್ಲಿ ನಾಲ್ಕು ಪಾಲು ಅದು ಗಿರಾಕಿಯ ಕೈಸೇರುವ ಮೊದಲೇ ಹೊರಬಿದ್ದಿರುತ್ತದೆ. ಹೀಗಿರುವಾಗ ಚಾರ್ಜ್ ಮಾಡುವ ವಿದ್ಯುತ್ತನ್ನು ಉಳಿಸಿದರೆ ಆಗುವ ಲಾಭ ಅಲ್ಪ. ಯಂತ್ರದ ಬಾಳನ್ನು ಎರಡು ಮೂರು ವರ್ಷ ಹಿಗ್ಗಿಸಿದರೆ ಆಗುವ ಲಾಭ ಬಹಳ.

ಎಸೆದ ಯಂತ್ರಗಳ ಗತಿಯೇನು? ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ಶೇಕಡಾ 22.3 ಭಾಗ ಮಾತ್ರ. ಉಳಿದುದರಲ್ಲಿ ಬಹಳಷ್ಟು ಬಡವರ ಬೀದಿಗಳನ್ನು ಸೇರುತ್ತದೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಮೊದಲಾದ ಕಡೆಗಳಲ್ಲಿ ಜನರು ಬರಿಗೈಯಿಂದ ಯಂತ್ರಗಳನ್ನು ಒಡೆದು, ತಂತಿಗಳನ್ನು ಸುಟ್ಟು, ಫಲಕಗಳನ್ನು ಆಮ್ಲದಲ್ಲಿ ಅದ್ದಿ ಲೋಹ ತೆಗೆದಿದ್ದಾರೆ. ಆ ಹೊಗೆಯಲ್ಲಿ ಸೀಸವಿದೆ. ಸೀಸವು ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಒಬ್ಬನ ಷೋಕಿ ಮತ್ತೊಬ್ಬನ ಮಗುವಿಗೆ ವಿಷವಾಗುವುದು ನ್ಯಾಯವೇ?

ಬಡಕುಟುಂಬದ ದೃಷ್ಟಿಯಿಂದಲೂ ಈ ವಿಷಯವನ್ನು ವಿಚಾರಿಸಬೇಕು. 2020 ಮತ್ತು 2021ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಫೋನೇ ತರಗತಿಯಾಯಿತು. ಫೋನಿಲ್ಲದ ಮನೆಯ ಮಕ್ಕಳು ಪಾಠದಿಂದ ವಂಚಿತರಾದರು; ಸಾಲ ಮಾಡಿ ಫೋನು ತಂದ ತಂದೆತಾಯಿಗಳೂ ಇದ್ದರು. ಇಂತಹ ಕುಟುಂಬವು ಅಲ್ಪ ಹಣಕ್ಕೆ ದೊರೆಯುವ ಕಳಪೆಯ ಹೊಸ ಯಂತ್ರವನ್ನು ಕೊಂಡರೆ ಅದು ಬೇಗನೆ ಕುಂಟತೊಡಗುತ್ತದೆ. ಅದೇ ಹಣಕ್ಕೆ ಗಟ್ಟಿಯಾಗಿ ಕಟ್ಟಿದ, ನವೀಕರಿಸಿದ ಗಣಕಯಂತ್ರ ದೊರೆತರೆ ಪ್ರಬಂಧ ಬರೆಯಲು, ಲೆಕ್ಕ ಮಾಡಲು, ಪ್ರೋಗ್ರಾಂ ಕಲಿಯಲು ಅದು ಧಾರಾಳವಾಗಿ ಸಾಕು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಪಾಲಿಸಿಯೂ ಒಳ್ಳೆಯ ಹಾಸಿಗೆಯನ್ನೇ ಪಡೆಯುವ ದಾರಿಯಿದು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಪರರು ಬಳಸಿದ್ದನ್ನು ಬಳಸುವುದು ಮರ್ಯಾದೆಗೆ ಕಡಿಮೆಯೆಂಬುದು ಮೊದಲನೆಯದು. ಬಸ್ಸಿನ ಆಸನವನ್ನೂ ಗ್ರಂಥಾಲಯದ ಪುಸ್ತಕವನ್ನೂ ಸಂಕೋಚವಿಲ್ಲದೆ ಬಳಸುವವರು ಫೋನಿನ ವಿಷಯದಲ್ಲಿ ನಾಚುವುದಕ್ಕೆ ಅರ್ಥವಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಶ್ರೀಮಂತ ದೇಶಗಳ ಹಳೆಯ ಯಂತ್ರಗಳು ನವೀಕರಣದ ಹೆಸರಿನಲ್ಲಿ ಭಾರತಕ್ಕೆ ಬಂದರೆ, ಅವುಗಳ ಬೂದಿಯೂ ಇಲ್ಲಿಯೇ ಉಳಿಯುತ್ತದೆ. ಈ ಆತಂಕವಿದ್ದ ಕಾಲದಲ್ಲಿಯೇ, 2016ರಲ್ಲಿ, ಬಳಸಿದ ಫೋನುಗಳನ್ನು ಆಮದು ಮಾಡಿ ಮಾರಲು ಆಪಲ್ ಸಂಸ್ಥೆ ಕೇಳಿದ ಅನುಮತಿಯನ್ನು ಕೇಂದ್ರ ಸರ್ಕಾರ ನಿರಾಕರಿಸಿತು. ಈ ಆತಂಕ ನಿರಾಧಾರವಲ್ಲ. ಆದರೆ ಅದು ಆಮದಿಗೆ ಅನ್ವಯಿಸುವ ಮಾತೇ ಹೊರತು ನವೀಕರಣಕ್ಕಲ್ಲ. ಈ ದೇಶದಲ್ಲಿಯೇ ಮಾರಾಟವಾಗಿ, ಬಳಕೆಯಾಗಿ, ಮನೆಗಳ ಕಪಾಟುಗಳಲ್ಲಿ ಮಲಗಿರುವ ಯಂತ್ರಗಳನ್ನು ಇಲ್ಲಿಯೇ ನವೀಕರಿಸಿದರೆ ತ್ಯಾಜ್ಯ ತಗ್ಗುತ್ತದೆ. ಕೈಕಸುಬು ಬಲ್ಲ ತರುಣರಿಗೆ ಉದ್ಯೋಗವೂ ದೊರೆಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತದ ಇ-ತ್ಯಾಜ್ಯ ನಿಯಮಗಳು ನವೀಕರಿಸುವವರನ್ನೂ ನೋಂದಣಿಯ ವ್ಯಾಪ್ತಿಗೆ ತಂದಿವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ದುರಸ್ತಿಯ ಕುಶಲತೆಗೆ ಕೊರತೆಯಿಲ್ಲ. ಕೊರತೆಯಿರುವುದು ತಯಾರಕರ ಮನಸ್ಸಿಗೆ. ಹೊಸತನ್ನು ಮಾರುವ ಉತ್ಸಾಹದ ಒಂದಂಶವನ್ನಾದರೂ ಅವರು ಪ್ರಮಾಣೀಕರಿಸಿದ ಯಂತ್ರಗಳನ್ನು ಎಲ್ಲ ಊರುಗಳಿಗೂ ತಲುಪಿಸಲು ತೋರಬೇಕು.

ಕೊಳ್ಳುವವನಿಗೂ ಎಚ್ಚರ ಅಗತ್ಯ. ‘ಪ್ರಮಾಣಿತ’ ಎಂಬ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಆದುದರಿಂದ ಪ್ರಮಾಣ ಕೊಟ್ಟವರು ತಯಾರಕರೋ ಅಂಗಡಿಯವರೋ ಎಂಬುದನ್ನು ಮೊದಲು ವಿಚಾರಿಸಬೇಕು. ವಾರಂಟಿ ಬರವಣಿಗೆಯಲ್ಲಿರಬೇಕು; ರಸೀದಿ ಕೈಯಲ್ಲಿರಬೇಕು. ಬ್ಯಾಟರಿ ಹೊಸತೋ ಹಳೆಯದೋ ಎಂದು ಕೇಳಬೇಕು. ಫೋನಾದರೆ ಅದರ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ಯ ಮೂಲಕ ಪರಿಶೀಲಿಸಿದರೆ ಅದು ಕದ್ದ ಮಾಲೆಂದು ತಡೆಹಿಡಿದುದೇ ಎಂಬುದು ತಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರದ ತಂತ್ರಾಂಶಕ್ಕೆ ತಯಾರಕರ ರಕ್ಷಣೆ ಎಷ್ಟು ಕಾಲ ಉಳಿದಿದೆಯೆಂದು ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ ಗಣಕಯಂತ್ರವನ್ನು ಕೊಳ್ಳುವವನು ಲಿನಕ್ಸ್‌ನಂತಹ ಉಚಿತ ತಂತ್ರಾಂಶವನ್ನು ಅಳವಡಿಸಲು ಸಿದ್ಧನಿರಬೇಕು. ಇತ್ತ ಗೂಗಲ್ 2023ರ ಪಿಕ್ಸೆಲ್ 8ಕ್ಕೂ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೂ ಏಳು ವರ್ಷಗಳ ಬೆಂಬಲವನ್ನು ಘೋಷಿಸಿರುವುದು ಶುಭಸೂಚನೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮದಂತೆ, ಫೋನೊಂದರ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಮುಖ್ಯ ಬಿಡಿಭಾಗಗಳು ದೊರೆಯುತ್ತಿರಬೇಕು. ಬಾಳಿಕೆ ಬರುವ ಯಂತ್ರವಿದ್ದರೆ ತಾನೆ ನವೀಕರಣ ಸಾಧ್ಯ?

ಕೈಯಲ್ಲಿರುವ ಯಂತ್ರವನ್ನೇ ದುರಸ್ತಿ ಮಾಡಿಸಿ ಬಳಸುವುದು ಉತ್ತಮ ಮಾರ್ಗ. ಅದು ಸಾಧ್ಯವಾಗದಾಗ ಪ್ರಮಾಣಪತ್ರವಿರುವ ನವೀಕರಿಸಿದ ಯಂತ್ರವನ್ನು ಕೊಳ್ಳುವುದು ಮಧ್ಯಮ ಮಾರ್ಗ. ಹೊಸತನ್ನು ಕೊಳ್ಳುವುದು ಇವೆರಡೂ ಕೈಗೂಡದಾಗಿನ ಮಾತು. ಯಂತ್ರದ ಬೆಲೆ ಅದರ ಹೊಳಪಿನಲ್ಲಿಲ್ಲ, ಅದು ಮಾಡಿಕೊಡುವ ಕೆಲಸದಲ್ಲಿದೆ. ವಿದ್ಯೆ ಕಲಿಯುವವನ ಬುದ್ಧಿ ಹೊಸತಾಗಿದ್ದರೆ ಸಾಕು. ಅವನ ಮುಂದಿರುವ ಪರದೆ ಎಷ್ಟನೆಯವರದೆಂದು ವಿದ್ಯೆ ಎಂದೂ ಕೇಳುವುದಿಲ್ಲ.